ಸಪ್ಪೆ ಕೋಣೆಯ ಪರವಾಗಿ

ಪ್ಯಾರಿಸ್‌ಗೆ ಹೋಗಿಬಂದವರು ಅಲ್ಲಿ ಏನು ನೋಡಿದೆವು, ಏನು ತಿಂದೆವು ಎಂದು ಹೇಳುವಾಗ ಯಾರೂ ಅಡ್ಡಬಾಯಿ ಹಾಕುವುದಿಲ್ಲ. ಎಲ್ಲಿ ಇಳಿದುಕೊಂಡಿದ್ದಿರಿ ಎಂಬ ಪ್ರಶ್ನೆ ಬಂದಾಗ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ನಾನು ಹುಷಾರಾಗಿರದೆ "ಇಬಿಸ್‌ನಲ್ಲಿ" ಎಂದುಬಿಟ್ಟೆ. ತಮ್ಮನ ಮಗಳು ಕಾಫಿ ಲೋಟ ಕೆಳಗಿಟ್ಟಳು. "ಅಲ್ಲ ದೊಡ್ಡಪ್ಪ, ಅಷ್ಟು ದೂರ ಹೋಗಿ ಚೈನ್ ಹೋಟೆಲಲ್ಲಾ? ಒಂದು ಅಪಾರ್ಟ್‌ಮೆಂಟ್ ತಗೊಂಡು ಅಲ್ಲಿಯವರ ಥರಾನೇ ಇದ್ದು ಬರಬಾರದಿತ್ತಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ತಿರುಪತಿಗೆ ಹೋಗಿ ದರ್ಶನ ಮಾಡದೆ ಲಾಡು ಮಾತ್ರ ತಂದವನ ಮೇಲೆ ತೋರುವಂಥ ಮರುಕ.

ಈ ಮಾತು ಅವಳೊಬ್ಬಳದಲ್ಲ. ಯೂರೋಪ್ ಪ್ರವಾಸದ ಬಗ್ಗೆ ಬರೆಯುವವರು, ವಿಡಿಯೊ ಮಾಡುವವರು, ಅಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗರು ಹೆಚ್ಚುಕಡಿಮೆ ಒಂದೇ ಬುದ್ಧಿವಾದ ಹೇಳುತ್ತಾರೆ. ಚೈನ್ ಹೋಟೆಲುಗಳಿಗೆ ಮುಖವಿಲ್ಲ. ಲಿಯೋನ್‌ನಲ್ಲಿ ಎದ್ದರೂ ಲೈಪ್‌ಜಿಗ್‌ನಲ್ಲಿ ಎದ್ದರೂ ಅದೇ ಗೋಡೆ, ಅದೇ ಪರದೆ. ಊರಿನವರ ಮನೆಯಲ್ಲಿ ತಂಗಿ, ಕೆಳಗಿನ ಬೇಕರಿಯಿಂದ ಬಿಸಿ ಬ್ರೆಡ್ ತನ್ನಿ, ಕಿಟಕಿಯ ಬಳಿ ಕೂತು ಕಾಫಿ ಕುಡಿಯಿರಿ, ಊರು ದಕ್ಕುವುದು ಆಗಲೇ. ಈ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಹೇಳುವವರು ಊರುಗಳನ್ನು ಪ್ರೀತಿಸುವವರು, ಪ್ರವಾಸವನ್ನು ಪಟ್ಟಿಗೆ ಟಿಕ್ ಹಾಕುವ ಕೆಲಸವಾಗಿ ಮಾಡಿಕೊಳ್ಳಬಾರದು ಎಂಬ ಕಾಳಜಿಯುಳ್ಳವರು. ಚೈನ್ ಹೋಟೆಲಿನ ಕೋಣೆ ಸಪ್ಪೆ ಎಂಬುದೂ ನಿಜವೇ. ಸಪ್ಪೆಯಾಗಿರುವುದು ಒಂದು ಕೊರತೆ ಎಂಬಲ್ಲಿ ಮಾತ್ರ ನನ್ನ ತಕರಾರು.

ನಮ್ಮ ಮದುವೆಗಳಲ್ಲಿ ಗಂಡಿನ ಕಡೆಯವರಿಗೆ ಬಿಡದಿ ಎಂದು ಬೇರೆಯೇ ಮನೆ ಕೊಡುತ್ತಿದ್ದರು. ಹಾಸಿಗೆ, ಹಂಡೆಯಲ್ಲಿ ಬಿಸಿನೀರು, ಚಿಲಕ ಭದ್ರವಾಗಿರುವ ಬಾಗಿಲು ಇದ್ದರೆ ಬಿಡದಿ ಚೆನ್ನಾಗಿತ್ತು ಎಂದು ಲೆಕ್ಕ. ಕಾಫಿ ತಡವಾಯಿತೆಂದು ಮುನಿಸಿಕೊಂಡ ಬೀಗರ ಕಥೆಗಳು ಪ್ರತಿ ಮನೆಯಲ್ಲೂ ಇವೆ. ಬಿಡದಿಯಲ್ಲಿ ಹೆಣ್ಣಿನ ಮನೆಯವರ ನಿಜವಾದ ಬದುಕು ಕಾಣಲಿಲ್ಲ ಎಂದು ಮುನಿಸಿಕೊಂಡವರ ಕಥೆಯನ್ನು ನಾನು ಇದುವರೆಗೆ ಕೇಳಿಲ್ಲ. ಬಂದವರು ಬಂದವರಾಗಿಯೇ ನಾಲ್ಕು ದಿನ ಇರುತ್ತಾರೆ, ಮನೆಯವರ ಮನೆ ಮನೆಯವರದಾಗಿಯೇ ಉಳಿಯುತ್ತದೆ, ಇಬ್ಬರೂ ಚಪ್ಪರದ ಕೆಳಗೆ ಸೇರುತ್ತಾರೆ. ಆ ಏರ್ಪಾಡಿನಲ್ಲಿ ಎರಡೂ ಕಡೆಯವರಿಗೆ ಒಂದು ಮರ್ಯಾದೆ ಇತ್ತು. ಅಗ್ಗದ ಚೈನ್ ಹೋಟೆಲು ನನ್ನ ಲೆಕ್ಕದಲ್ಲಿ ಯೂರೋಪಿನ ಊರುಗಳು ಕೊಡುವ ಬಿಡದಿ.

ಈ ಒಂದೇ ಥರದ ಕೋಣೆ ಎಲ್ಲಿಂದ ಬಂತು ಎಂದು ನೋಡಿದರೆ ಅದರ ಮೇಲಿನ ತಾತ್ಸಾರ ಅರ್ಧ ಇಳಿದೀತು. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಮನೆ ಕಟ್ಟಿಸುವ ವ್ಯವಹಾರದಲ್ಲಿದ್ದ ಕೆಮನ್ಸ್ ವಿಲ್ಸನ್ ಹೆಂಡತಿ, ಐವರು ಮಕ್ಕಳ ಜೊತೆ ಕಾರಿನಲ್ಲಿ ವಾಷಿಂಗ್ಟನ್‌ಗೆ ಹೊರಟರು. ದಾರಿಯ ತಂಗುದಾಣಗಳು ಒಂದೊಂದು ಒಂದೊಂದು ಥರ. ಒಳಗೆ ಹೋಗಿ ನೋಡುವ ತನಕ ಹಾಸಿಗೆ ಹೇಗಿದೆಯೋ ಗೊತ್ತಿಲ್ಲ, ಮೇಲೆ ಮಗುವೊಂದಕ್ಕೆ ಇಷ್ಟು ಎಂದು ಬೇರೆ ದುಡ್ಡು. ಆ ಸಿಟ್ಟಿನಲ್ಲಿ ಮರುವರ್ಷ ಅವರು ಮೆಂಫಿಸ್‌ನಲ್ಲಿ ತೆರೆದದ್ದೇ ಮೊದಲ ಹಾಲಿಡೇ ಇನ್. ಅಪ್ಪ ಅಮ್ಮನ ಕೋಣೆಯಲ್ಲೇ ಮಲಗುವ ಮಕ್ಕಳಿಗೆ ಅಲ್ಲಿ ದುಡ್ಡಿಲ್ಲ.

ಆ ಮಾದರಿಯನ್ನು ಕಂಡ ಪೋಲ್ ದುಬ್ರೂಲ್ ಮತ್ತು ಜೆರಾರ್ ಪೆಲಿಸೋನ್ 1967ರಲ್ಲಿ ಫ್ರಾನ್ಸಿನ ಲೀಲ್ ಬಳಿ ಮೊದಲ ನೊವೊಟೆಲ್ ತೆರೆದರು. 1974ರಲ್ಲಿ ಬೊರ್ಡೊ ನಗರದಲ್ಲಿ ಅದರ ಅಗ್ಗದ ತಮ್ಮನಾಗಿ ಇಬಿಸ್ ಹುಟ್ಟಿತು. 1985ರಲ್ಲಿ ಇಂಗ್ಲೆಂಡಿನ ಹೆದ್ದಾರಿ ಬದಿಗೆ ಟ್ರಾವೆಲಾಡ್ಜ್ ಬಂತು, 1987ರಲ್ಲಿ ಇಂದಿನ ಪ್ರೀಮಿಯರ್ ಇನ್‌ನ ಪೂರ್ವಿಕ ಟ್ರಾವೆಲ್ ಇನ್, 2000ದಲ್ಲಿ ಮ್ಯೂನಿಕ್‌ನ ಮೋಟೆಲ್ ವನ್. ಇವೆಲ್ಲ ಬರುವ ಮೊದಲು ಯೂರೋಪಿನಲ್ಲಿ ನಂಬಿ ಮಲಗಬಹುದಾದ ಹಾಸಿಗೆ, ಕೋಣೆಗೇ ಸೇರಿದ ಬಚ್ಚಲು ಉಳ್ಳವರ ಪಾಲಿನದಾಗಿತ್ತು. ಅವರಿಗೆ 1898ರಿಂದಲೇ ಪ್ಯಾರಿಸಿನ ವಾಂದೋಮ್ ಚೌಕದಲ್ಲಿ ರಿಟ್ಜ್ ಇತ್ತು. ಮಿಕ್ಕವರದು ಅದೃಷ್ಟ. ಎಲ್ಲೆಡೆ ಒಂದೇ ಥರ ಇರುವುದನ್ನು ಕಲ್ಪನೆಯ ಬಡತನ ಎಂದು ಹಳಿಯುವ ಮೊದಲು, ಐದು ಮಕ್ಕಳ ಅಪ್ಪನೊಬ್ಬನ ದಾರಿಖರ್ಚಿನ ಸಿಟ್ಟು ಅದರ ಹಿಂದಿದೆ ಎಂಬುದನ್ನು ನೆನೆಯಬಹುದು.

ತಮ್ಮನ ಮಗಳು ಹೇಳಿದ್ದನ್ನು ನಾವು ಮಾಡದೆಯೂ ಇಲ್ಲ. ಹಿಂದಿನ ಸಲ ಹೋದಾಗ ನಾನೂ ನನ್ನ ಹೆಂಡತಿಯೂ ಹಳೆಯ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಮನೆ ಹಿಡಿದಿದ್ದೆವು. ಲಿಫ್ಟ್ ಇಲ್ಲವೆಂದು ಜಾಹೀರಾತಿನಲ್ಲಿ ಬರೆದಿದ್ದರು, ನಾವು ಓದಿರಲಿಲ್ಲ. ಆ ತಪ್ಪು ನಮ್ಮದೇ. ಬೀಗದ ಕೈ ಪಕ್ಕದ ಬೀದಿಯ ಕಬ್ಬಿಣದ ಸರಳಿಗೆ ತಗಲಿಸಿದ ಪುಟ್ಟ ಪೆಟ್ಟಿಗೆಯಲ್ಲಿತ್ತು. ಮಳೆಯಲ್ಲಿ, ಮೊಬೈಲ್ ಬೆಳಕಿನಲ್ಲಿ ನಾಲ್ಕು ಅಂಕೆ ತಿರುಗಿಸುತ್ತ ನಿಂತ ನಮ್ಮನ್ನು ದಾರಿಹೋಕರು ಕಳ್ಳರೆಂದುಕೊಳ್ಳದಿದ್ದುದು ಪುಣ್ಯ. ಸೂಟ್‌ಕೇಸುಗಳನ್ನು ಹೊತ್ತು ಸುರುಳಿ ಮೆಟ್ಟಿಲು ಏರುವಾಗ ಮೂರನೇ ಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು. ವಯಸ್ಸಾದ ಹೆಂಗಸು. ನಮ್ಮನ್ನು ನೋಡಿದರು, ಸೂಟ್‌ಕೇಸು ನೋಡಿದರು, ನಮ್ಮ 'ಬೋನ್‌ಸ್ವಾರ್'ಗೆ ತುಸು ತಲೆಯಾಡಿಸಿ ಬಾಗಿಲು ಮುಚ್ಚಿಕೊಂಡರು. ಸಿಟ್ಟಿನ ನೋಟವೇನಲ್ಲ. ಈ ವಾರ ಇವರು ಎಂಬ ಆಯಾಸದ ನೋಟ. ಅಲ್ಲಿಯವರ ಹಾಗೆ ಬದುಕಲು ಹೋದ ನಮಗೆ ಐದು ದಿನದಲ್ಲಿ ಆ ಕಟ್ಟಡದಲ್ಲಿ ಎದುರಾದ ಅಲ್ಲಿಯವರು ಅವರೊಬ್ಬರೇ.

ಮನೆಯೊಳಗಾದರೂ ಊರಿನವರು ಇದ್ದರೇ? ಬಿಳಿ ಗೋಡೆ, ಬೂದು ಬಣ್ಣದ ಸೋಫಾ, ಐಕಿಯಾದ ದೀಪ, ಐಫೆಲ್ ಗೋಪುರದ ಕಪ್ಪುಬಿಳುಪು ಚಿತ್ರ. ಪ್ಯಾರಿಸಿನವರು ತಮ್ಮ ಮನೆಯಲ್ಲಿ ಐಫೆಲ್ ಗೋಪುರದ ಚಿತ್ರ ತೂಗುಹಾಕುತ್ತಾರೆಯೇ ಎಂದು ನನ್ನ ಹೆಂಡತಿ ಕೇಳಿದಳು. ಮೈಸೂರಿನವರ ನಡುಮನೆಯಲ್ಲಿ ಅರಮನೆಯ ಪೋಸ್ಟರ್ ಇರುತ್ತದೆಯೇ ಎಂದು ನಾನು ಕೇಳಿದೆ. ಅಡುಗೆಮನೆಯಲ್ಲಿ ಒಬ್ಬರಾದರೂ ಇಲ್ಲಿ ಅಡುಗೆ ಮಾಡಿದ್ದರು ಎನ್ನುವುದಕ್ಕೆ ಉಪ್ಪಿನ ಡಬ್ಬಿಯಲ್ಲಿ ಉಪ್ಪೂ ಇರಲಿಲ್ಲ. ಮೇಜಿನ ಮೇಲೆ ಮಾತ್ರ ಮೂರು ಪುಟದ ನಿಯಮಾವಳಿ: ಯಾವ ಕಸ ಯಾವ ಡಬ್ಬಕ್ಕೆ, ರಾತ್ರಿ ಹತ್ತರ ಮೇಲೆ ಶೂ ಹಾಕಿ ಓಡಾಡಬಾರದು, ಯಾರಾದರೂ ಕೇಳಿದರೆ ಗೆಳೆಯರು ಎನ್ನಿ. ಈ ಕೊನೆಯ ಸಾಲು ನನ್ನನ್ನು ಕುಟುಕಿತು. ಇಬಿಸ್‌ನ ಕೋಣೆಯೂ ಒಂದು ಅಚ್ಚಿನಲ್ಲಿ ಎರೆದದ್ದೇ. ಆದರೆ ಅದು ತಾನು ಯಾರದೋ ಮನೆ ಎಂದು ನಟಿಸುವುದಿಲ್ಲ, ನಾನು ಯಾರದೋ ಗೆಳೆಯ ಎಂದು ನಟಿಸಬೇಕೆಂದೂ ಕೇಳುವುದಿಲ್ಲ.

ಆ ಹೆಂಗಸಿನ ಆಯಾಸಕ್ಕೆ ಹಿನ್ನೆಲೆಯಿದೆ. 1921ರಲ್ಲಿ ಪ್ಯಾರಿಸ್ ನಗರದ ಜನಸಂಖ್ಯೆ 29 ಲಕ್ಷ ಇತ್ತು, ಈಗ ಸುಮಾರು 21 ಲಕ್ಷ. ಪ್ರವಾಸಿಗರಿಗೆ ಬಾಡಿಗೆ ಕೊಡುವ ಆ್ಯಪ್‌ಗಳು ಹುಟ್ಟುವ ಎಷ್ಟೋ ಮುಂಚೆ ಈ ಇಳಿಕೆ ಶುರುವಾಗಿತ್ತು, ಅದರ ತಪ್ಪನ್ನೆಲ್ಲ ಅವುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಖಾಲಿಯಾಗುತ್ತಿರುವ ಊರಿನಲ್ಲಿ ಉಳಿದವರಿಗೆ ಒಂದೊಂದು ಮನೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 2017ರಿಂದ ಪ್ಯಾರಿಸಿನಲ್ಲಿ ಇಂಥ ಬಾಡಿಗೆಯ ಜಾಹೀರಾತಿಗೆ ನೋಂದಣಿ ಸಂಖ್ಯೆ ಕಡ್ಡಾಯವಾಯಿತು. ಸ್ವಂತ ವಾಸದ ಮನೆಯನ್ನು ವರ್ಷಕ್ಕೆ 120 ದಿನ ಕೊಡಬಹುದಾಗಿದ್ದುದು 2025ರಿಂದ 90ಕ್ಕೆ ಇಳಿಯಿತು. ಆಮ್‌ಸ್ಟರ್‌ಡ್ಯಾಮ್ 2019ರಲ್ಲೇ 30 ರಾತ್ರಿಗೆ ಇಳಿಸಿತ್ತು. ಕೀ ಪೆಟ್ಟಿಗೆಗಳನ್ನು ಫ್ಲಾರೆನ್ಸ್ 2025ರಲ್ಲಿ ತನ್ನ ಹಳೆಯ ಪೇಟೆಯಿಂದ ನಿಷೇಧಿಸಿತು. ಬಾರ್ಸಿಲೋನಾದ ಮೇಯರ್ ಜೌಮೆ ಕುಲ್‌ಬೋನಿ 2024ರ ಜೂನ್‌ನಲ್ಲಿ, ನಗರದ 10,101 ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನು 2028ರ ನವೆಂಬರ್ ಆಚೆಗೆ ಮುಂದುವರಿಸುವುದಿಲ್ಲ ಎಂದು ಸಾರಿದರು. ಮರುತಿಂಗಳು ಅದೇ ಊರಿನ ಪ್ರತಿಭಟನಕಾರರು ರೆಸ್ಟೋರೆಂಟುಗಳ ಮುಂದೆ ಕೂತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮುಕಿಸಿದ ಚಿತ್ರಗಳನ್ನು ನಾವೆಲ್ಲ ನೋಡಿದೆವು.

ನಾನೊಬ್ಬ ಐದು ರಾತ್ರಿ ಹೋಟೆಲಿನಲ್ಲಿ ಮಲಗಿದರೆ ಪ್ಯಾರಿಸಿನವರಿಗೆ ಮನೆ ಸಿಕ್ಕಿಬಿಡುವುದಿಲ್ಲ. ಹೋಟೆಲಿನ ಆ ಕೋಣೆ ಎಂದೂ ಯಾರ ಮಲಗುವ ಮನೆಯೂ ಆಗಿರಲಿಲ್ಲ, ಅದರ ಗೋಡೆಯಾಚೆ ನಾಳೆ ಬೆಳಿಗ್ಗೆ ಆರಕ್ಕೆ ಎದ್ದು ಶಾಲೆಗೆ ಹೋಗಬೇಕಾದ ಮಗು ಇಲ್ಲ ಎಂಬಷ್ಟು ಸಮಾಧಾನ ನನಗೆ ಸಾಕು.

ಮುಖವಿಲ್ಲದ ಹೋಟೆಲು ಎಂಬ ಬೈಗುಳಕ್ಕೂ ಇನ್ನೊಂದು ಮಗ್ಗುಲಿದೆ. ಹಾರ್ವರ್ಡ್‌ನ ಬೆಂಜಮಿನ್ ಎಡೆಲ್‌ಮನ್, ಮೈಕೆಲ್ ಲೂಕಾ ಮತ್ತು ಡ್ಯಾನ್ ಸ್ವಿರ್ಸ್ಕಿ ಅಮೆರಿಕದ ಐದು ನಗರಗಳಲ್ಲಿ ಸುಮಾರು 6,400 ಏರ್‌ಬಿಎನ್‌ಬಿ ಮನೆಗಳಿಗೆ ಬೇರೆಬೇರೆ ಹೆಸರಿನಲ್ಲಿ ಕೋರಿಕೆ ಕಳಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕಪ್ಪುಜನರದೆಂದು ಗುರುತಾಗುವ ಹೆಸರುಗಳಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಸುಮಾರು ಶೇಕಡ 16ರಷ್ಟು ಕಡಿಮೆ ಇತ್ತು. ಅದು ಅಮೆರಿಕದ ಮಾತು. ಮರುವರ್ಷವೇ ಆ ಕಂಪನಿ, ಒಪ್ಪಿಗೆ ಸಿಗುವ ಮೊದಲು ಅತಿಥಿಯ ಫೋಟೊ ತೋರಿಸುವುದನ್ನು ಕೈಬಿಟ್ಟಿತು ಎಂಬುದನ್ನೂ ಹೇಳಬೇಕು. ಆದರೂ ಉದ್ದನೆಯ ಹೆಸರಿನ, ಕಂದು ಚರ್ಮದ ಪ್ರವಾಸಿಯಾಗಿ ನನಗೆ ಇದು ಸಣ್ಣ ಸಂಗತಿಯಲ್ಲ. ಚೈನ್ ಹೋಟೆಲಿನ ಬುಕಿಂಗ್ ಯಂತ್ರ ನನ್ನ ಕಾರ್ಡನ್ನೂ ತಾರೀಖನ್ನೂ ನೋಡುತ್ತದೆ, ಕೋಣೆ ಖಾಲಿಯಿದ್ದರೆ ಇದೆ ಎನ್ನುತ್ತದೆ. ತನಗೇ ಮುಖವಿಲ್ಲದ್ದು ನನ್ನ ಮುಖ ನೋಡಿ ಮಣೆ ಹಾಕುವುದಿಲ್ಲ. ರಾತ್ರಿ ಒಂದು ಗಂಟೆಗೆ ವಿಮಾನ ಇಳಿದು ಒಬ್ಬಳೇ ಬರುವ ಹೆಣ್ಣುಮಗಳಿಗೆ, ಬೀದಿಯ ಸರಳಿಗೆ ತೂಗುವ ಪೆಟ್ಟಿಗೆಗಿಂತ ದೀಪ ಹಾಕಿಕೊಂಡು ಕೌಂಟರಿನಲ್ಲಿ ಕೂತ ಮನುಷ್ಯನೇ ಹೆಚ್ಚು ಆತಿಥ್ಯ ಎಂದು ನಾನು ತಿಳಿದಿದ್ದೇನೆ.

ಹಾಗಾದರೆ ಊರು? ಅಗ್ಗದ ಚೈನ್ ಹೋಟೆಲುಗಳು ಪ್ಯಾರಿಸಿನಲ್ಲಿ ಬಹಳಷ್ಟು ಇರುವುದು ಅಂಚಿನಲ್ಲಿ: ಪೋರ್ತ್ ದ ಮೋಂತ್ರೋಯ್, ಪೋರ್ತ್ ದಿತಾಲಿ, ಪೋರ್ತ್ ದೋರ್ಲೆಯಾನ್, ಲಾ ವಿಲೆತ್. ಪೋರ್ತ್ ಎಂದರೆ ಬಾಗಿಲು. 1840ರ ದಶಕದಲ್ಲಿ ಕಟ್ಟಿದ ಕೋಟೆಗೋಡೆಯ ಬಾಗಿಲುಗಳಿದ್ದ ಜಾಗಗಳು ಇವು. ಗೋಡೆ ಹೋಯಿತು, ಬಾಗಿಲುಗಳ ಹೆಸರು ಉಳಿಯಿತು, ಅದರ ಆಚೆ ಬದಿಯಲ್ಲಿ 1973ರಲ್ಲಿ ವರ್ತುಲ ರಸ್ತೆ ಪೂರ್ತಿಯಾಯಿತು. ಪೋಸ್ಟ್‌ಕಾರ್ಡಿನ ಪ್ಯಾರಿಸ್ ಇಲ್ಲಿಲ್ಲ. ಇಲ್ಲಿರುವುದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಪ್ಯಾರಿಸ್. ಮೆಟ್ರೊ ಟಿಕೆಟ್ಟಿಗೆ ಎಲ್ಲಿಂದ ಹತ್ತಿದರೂ ಒಂದೇ ದರ, 2025ರಲ್ಲಿ ಅದು ಎರಡೂವರೆ ಯೂರೊ ಇತ್ತು. ನಡುವೆ ಉಳಿದರೂ ಅಂಚಿನಲ್ಲಿ ಉಳಿದರೂ ಲೂವ್ರ್‌ಗೆ ಹೋಗುವ ಖರ್ಚು ಒಂದೇ.

ನಾವು ಈ ಸಲ ಇದ್ದದ್ದು ಲಾ ವಿಲೆತ್ ಕಡೆ. ಮಾಡಲು ಏನೂ ಇಲ್ಲದ ಕೋಣೆಯಾದ್ದರಿಂದ ಬೆಳಿಗ್ಗೆ ಏಳೂವರೆಗೆಲ್ಲ ಹೊರಬೀಳುತ್ತಿದ್ದೆವು. ಹತ್ತಿರದಲ್ಲೇ ಲಾ ವಿಲೆತ್ ಕೊಳ. ಪ್ಯಾರಿಸಿಗೆ ಕುಡಿಯುವ ನೀರು ತರಲೆಂದು ನೆಪೋಲಿಯನ್ 1802ರಲ್ಲಿ ಅಪ್ಪಣೆ ಕೊಟ್ಟ ಉರ್ಕ್ ಕಾಲುವೆ ಬಂದು ತುಂಬುವ ಕೊಳ ಅದು. ಸಂಜೆ ಅದರ ದಂಡೆಯಲ್ಲಿ ಮುದುಕರು, ಹುಡುಗರು ಸೇರಿ ಪೆತಾಂಕ್ ಆಡುತ್ತಾರೆ, ಕಬ್ಬಿಣದ ಗುಂಡು ಎಸೆಯುವ ಆಟ. ಮೂರನೇ ಸಂಜೆ ಒಬ್ಬ ಅಜ್ಜ ತಮ್ಮ ಗುಂಡನ್ನು ನನ್ನ ಕೈಗಿಟ್ಟು ಎಸೆ ಎಂದು ಸನ್ನೆ ಮಾಡಿದರು. ನಾನು ಎಸೆದದ್ದನ್ನು ಕಂಡು ಮತ್ತೆ ಕೊಡಲಿಲ್ಲ. ಅಲ್ಲಿಂದ ಸ್ವಲ್ಪ ನಡೆದರೆ ಲಾ ಶಾಪೆಲ್, ಜಾಫ್ನಾದಿಂದ ಬಂದ ತಮಿಳರ ಅಂಗಡಿಸಾಲು. ಕರಿಬೇವು, ನುಗ್ಗೆಕಾಯಿ, ಇಡ್ಲಿ. ಪಜೋಲ್ ಬೀದಿಯಲ್ಲಿ ಗಣಪತಿಯ ಗುಡಿ. ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಹೊತ್ತಿಗೆ ಅದರ ತೇರು ಹೊರಡುತ್ತದೆ, ಆ ದಿನ ಪ್ಯಾರಿಸಿನ ಡಾಂಬರಿನ ಮೇಲೆ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ ನಮ್ಮವರು. ಊರಿನವರು ಸಿಗುವುದು ನೀರಿಗೆ ಬರುವ ಕಡೆ, ಆಡುವ ಕಡೆ, ಕಾಯಿ ಒಡೆಯುವ ಕಡೆ. ಮನೆ ಬಾಡಿಗೆಗೆ ಹಿಡಿದು ಒಳಗೆ ಕೂತರೆ ನಮಗೆ ಸಿಗುವವರು ನಾವೇ.

ನನ್ನ ವಾದಕ್ಕೆ ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ಪ್ಯಾರಿಸಿನ ಬಾತಿನ್ಯೋಲ್ ಬಡಾವಣೆಯ ಇಬಿಸ್‌ನಲ್ಲಿ ಕೋಣೆ ಶುಚಿಮಾಡುವ ಸುಮಾರು ಇಪ್ಪತ್ತು ಮಂದಿ, ಹೆಚ್ಚಿನವರು ಆಫ್ರಿಕಾ ಮೂಲದ ಹೆಂಗಸರು, 2019ರ ಜುಲೈನಲ್ಲಿ ಮುಷ್ಕರ ಹೂಡಿದರು. ಅವರು ಹೋಟೆಲಿನ ನೌಕರರಲ್ಲ, ಗುತ್ತಿಗೆ ಕಂಪನಿಯವರು. ಗಂಟೆಗೆ ಇಷ್ಟು ಕೋಣೆ ಮುಗಿಯಬೇಕೆಂಬ ಲೆಕ್ಕದ ವಿರುದ್ಧ ಅವರ ಹೋರಾಟ 22 ತಿಂಗಳು ನಡೆಯಿತು. 2021ರ ಮೇ ತಿಂಗಳಲ್ಲಿ ಒಪ್ಪಂದವಾಗಿ ಸಂಬಳ ಏರಿತು, ಕೋಣೆಗಳ ಲೆಕ್ಕ ಇಳಿಯಿತು, ಊಟದ ಭತ್ಯೆ ಬಂತು. ಅವರ ಮುಂದಾಳುಗಳಲ್ಲಿ ಒಬ್ಬರಾದ, ಐವರಿ ಕೋಸ್ಟ್‌ನಲ್ಲಿ ಹುಟ್ಟಿದ ರಾಶೆಲ್ ಕೆಕೆ 2022ರ ಚುನಾವಣೆಯಲ್ಲಿ ಮಾಜಿ ಕ್ರೀಡಾ ಸಚಿವೆಯನ್ನು ಸೋಲಿಸಿ ಫ್ರಾನ್ಸಿನ ಸಂಸತ್ತಿಗೆ ಹೋದರು. ನನ್ನ ಕೋಣೆ ಯಾಕೆ ಅಗ್ಗ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಆ ಹೆಂಗಸರ ಬೆನ್ನುನೋವಿನಲ್ಲಿದೆ. ಅದನ್ನು ಅಲ್ಲಗಳೆಯಲಾರೆ.

ಆದರೂ ಒಂದು ಹೋಲಿಕೆ ಉಳಿಯುತ್ತದೆ. ಬಾತಿನ್ಯೋಲ್‌ನಲ್ಲಿ ಇಪ್ಪತ್ತು ಜನ ಒಂದೇ ಬಾಗಿಲ ಮುಂದೆ ಸೇರಿ ಡೋಲು ಬಡಿಯಬಹುದಿತ್ತು, ಯಾರನ್ನು ಕೇಳಬೇಕೆಂದು ಗೊತ್ತಿತ್ತು, ಪತ್ರಿಕೆಯವರಿಗೆ ವಿಳಾಸ ಗೊತ್ತಿತ್ತು. ಒಬ್ಬ ಪ್ರವಾಸಿ ಖಾಲಿ ಮಾಡಿ ಇನ್ನೊಬ್ಬ ಬರುವ ನಡುವಿನ ನಾಲ್ಕು ಗಂಟೆಯಲ್ಲಿ ಚೀಲ ಹಿಡಿದು ಐದು ಮಹಡಿ ಹತ್ತಿ ಹಾಸಿಗೆ ಬದಲಿಸುವ ಹೆಂಗಸು ಯಾರ ಜೊತೆ ಸೇರಿ ಮುಷ್ಕರ ಹೂಡಬೇಕು? ಅವಳನ್ನು ನಾವು ನೋಡಿಯೂ ಇರುವುದಿಲ್ಲ.

ದುಡ್ಡೆಲ್ಲ ದೊಡ್ಡ ಕಂಪನಿಗೆ ಹೋಗುತ್ತದೆ ಎಂಬ ಆಕ್ಷೇಪವೂ ಇದೆ. ಅರ್ಧ ನಿಜ. ಎಷ್ಟೋ ಚೈನ್ ಹೋಟೆಲುಗಳಲ್ಲಿ ಹೆಸರು ಮಾತ್ರ ಕಂಪನಿಯದು, ನಡೆಸುವವರು ಫ್ರಾಂಚೈಸಿ ಪಡೆದವರು. ಆ್ಯಪಿನ ಮೂಲಕ ಹಿಡಿದ ಮನೆಯ ಬಾಡಿಗೆಯಲ್ಲೂ ಒಂದು ಪಾಲು ಏರ್‌ಬಿಎನ್‌ಬಿ ಕಂಪನಿಯಿರುವ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತದೆ. ಒಂದೇ ಕುಟುಂಬ ತಲೆಮಾರುಗಳಿಂದ ನಡೆಸುತ್ತಿರುವ ಇಪ್ಪತ್ತು ಕೋಣೆಯ ಹಳೇ ಹೋಟೆಲು ಸಿಕ್ಕಿ, ಅದು ನಿಮ್ಮ ಜೇಬಿಗೆ ಹೊಂದಿದರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ. ಅದು ಊರೇ ಇಟ್ಟುಕೊಂಡ ಬಿಡದಿ, ನನ್ನ ಜಗಳ ಅದರ ಜೊತೆಗಲ್ಲ. ಹೋಟೆಲುಗಳೂ ಅತಿಯಾಗಬಹುದು ಎಂಬುದನ್ನೂ ಒಪ್ಪುತ್ತೇನೆ. ಆಮ್‌ಸ್ಟರ್‌ಡ್ಯಾಮ್ 2024ರಲ್ಲಿ, ಹಳೆಯದೊಂದು ಮುಚ್ಚಿದ ಹೊರತು ಹೊಸ ಹೋಟೆಲು ಬೇಡ ಎಂದು ತೀರ್ಮಾನಿಸಿತು. ಬೀಗರು ಎಷ್ಟು ಜನ ಬರಬೇಕೆಂದು ಹೇಳುವ ಹಕ್ಕು ಮನೆಯವರಿಗೆ ಇದ್ದೇ ಇದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅಡುಗೆಯದು. ಸಕ್ಕರೆ ಕಾಯಿಲೆಯ ಅಮ್ಮ, ಎರಡು ಮಕ್ಕಳು, ಮೊಟ್ಟೆಯನ್ನೂ ಮುಟ್ಟದವರು ಸೇರಿ ಹತ್ತು ದಿನಕ್ಕೆ ಹೊರಟರೆ ಒಲೆ ಬೇಕೇ ಬೇಕು. ಇಂಗ್ಲೆಂಡಿನ ಅಗ್ಗದ ಹೋಟೆಲಿನಲ್ಲೂ ನೀರು ಕಾಯಿಸುವ ಕೆಟಲ್ ಇಡುತ್ತಾರೆ, ಕಡಲು ದಾಟಿ ಫ್ರಾನ್ಸಿಗೆ ಬಂದರೆ ಎಷ್ಟೋ ಕಡೆ ಅದೂ ಇಲ್ಲ. ಉಪ್ಪಿಟ್ಟಿನ ಪೊಟ್ಟಣ ಹೊತ್ತು ಹೋದ ಕನ್ನಡಿಗರಿಗೆ ಇದು ಎಂಥ ನಿರಾಸೆ ಎಂದು ಬೇರೆಯವರಿಗೆ ಅರ್ಥವಾಗದು. ಅಂಥವರಿಗೆ ಪ್ರವಾಸಿಗರಿಗೆಂದೇ ಕಟ್ಟಿದ, ಪುಟ್ಟ ಅಡುಗೆಕಟ್ಟೆ ಇರುವ ಅಪಾರ್ಟ್‌ಹೋಟೆಲುಗಳಿವೆ. ಇಲ್ಲವಾದರೆ, ತಾನು ವಾಸವಿರುವ ಮನೆಯ ಒಂದು ಕೋಣೆಯನ್ನು ಕೊಟ್ಟು ಜೊತೆಗೇ ಇರುವ ಮನೆಯವರನ್ನು ಹುಡುಕಬಹುದು. ಅಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪಿರುತ್ತದೆ.

ಇಷ್ಟನ್ನೂ ತಮ್ಮನ ಮಗಳಿಗೆ ಹೇಳಿದೆ. ಅವಳು ಹಿರಿಯರ ಮಾತಿಗೆ ಕೊಡುವಷ್ಟು ಗೌರವ ಕೊಟ್ಟು ಕೇಳಿ, "ನಿಮ್ಮದು ಒಂದು ಲೆಕ್ಕ ದೊಡ್ಡಪ್ಪ" ಎಂದು ಎದ್ದುಹೋದಳು. ಎರಡು ತಿಂಗಳ ಮೇಲೆ ಫೋನ್ ಬಂತು. ಅವಳೂ ಅವಳ ಗಂಡನೂ ಪ್ಯಾರಿಸ್‌ಗೆ ಹೊರಟಿದ್ದಾರೆ. ಷೆಂಗೆನ್ ವೀಸಾದ ಅರ್ಜಿ ತುಂಬುತ್ತಿದ್ದಾರೆ, ತಲೆಗೆ 90 ಯೂರೊ ಶುಲ್ಕ, ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ದಾಖಲೆ. ಅಲ್ಲಿರುವ ಗೆಳತಿಯ ಮನೆಯೆಂದರೆ ಆ ಊರಿನ ಪುರಸಭೆಯಿಂದ ಪತ್ರ ತರಿಸಬೇಕು.

"ದೊಡ್ಡಪ್ಪ, ನೀವು ಇಳ್ಕೊಂಡಿದ್ರಲ್ಲ, ಆ ಹೋಟೆಲ್ ಯಾವುದು? ಅರ್ಜಿಗೆ ಅದನ್ನೇ ಬುಕ್ ಮಾಡ್ತೀನಿ. ವೀಸಾ ಬಂದ್ಮೇಲೆ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಕೊಡ್ತಾರಂತೆ."

ಹೆಸರು ಹೇಳಿದೆ. ಕೊಳದ ಕಡೆ ಕಿಟಕಿ ಇರುವ ಕೋಣೆ ಕೇಳು ಎಂದೂ ಹೇಳಿದೆ, ಅಕಸ್ಮಾತ್ ಕ್ಯಾನ್ಸಲ್ ಮಾಡಲು ಮರೆತರೆ ಇರಲಿ ಎಂದು.